ಕ್ಯಾಂಪಿಗೆ ಬಂದವರು, ಜಾಲಕ್ಕೆ ಬಂದವರು

ಸಿಂಧನೂರು ಸೀಮೆಯಲ್ಲಿ ಸಂಚರಿಸುವವರಿಗೆ ಊರ ಹೆಸರುಗಳ ಕೊನೆಯಲ್ಲಿ ‘ಕ್ಯಾಂಪ್’ ಎಂಬ ಪದ ಮತ್ತೆ ಮತ್ತೆ ಎದುರಾಗುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾಗಿ, ಎಡದಂಡೆ ಕಾಲುವೆಯಲ್ಲಿ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿಗೆ ಬಂದು ನೆಲೆಸಿದರು. ಮುಂದೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ನಿರಾಶ್ರಿತರಿಗೆ ಆರ್.ಎಚ್. ಕ್ಯಾಂಪ್‌ಗಳಲ್ಲಿ ಆಶ್ರಯ ದೊರೆಯಿತು. ಭಾಷೆ, ಊಟ, ಹಬ್ಬ ಎಲ್ಲವೂ ಬೇರೆಯಾದ ಜನ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡಲು ಕಲಿತದ್ದು ಒಂದೆರಡು ದಿನದ ಮಾತಲ್ಲ.

ಸೇವೆಗೆ ಸೇರಿದ ಹೊಸದರಲ್ಲಿ ನಾನು ಆ ಭಾಗದ ಕಚೇರಿಯೊಂದರಲ್ಲಿದ್ದೆ. ಕ್ಯಾಂಪಿನ ವೃದ್ಧರೊಬ್ಬರು ಪಹಣಿ ತಿದ್ದುಪಡಿಗೆ ಅರ್ಜಿ ತಂದರು. ನಮೂನೆ ತಪ್ಪಾಗಿತ್ತು. ‘ನಿಯಮ ಓದಿಕೊಂಡು ಬನ್ನಿ’ ಎಂದು ಹಿಂದಕ್ಕೆ ಕಳುಹಿಸಿದೆ. ಅವರಿಗೆ ಕನ್ನಡ ಓದಲು ಬಾರದೆಂಬುದು ನನಗೆ ಹೊಳೆಯಲೇ ಇಲ್ಲ. ಕಚೇರಿಯ ಜವಾನ ಅವರನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು, ‘ಸಾಹೇಬ್ರು ಹೊಸಬ್ರದಾರ, ಬ್ಯಾಸರ ಮಾಡ್ಕೋಬ್ಯಾಡ್ರಿ ಅಜ್ಜಾರ’ ಎಂದು ಅರ್ಜಿ ಬರೆಸಿಕೊಟ್ಟ. ಆ ಮಾತು ನನ್ನ ಕಿವಿಗೂ ಬಿತ್ತು.

ಈ ಪ್ರಸಂಗ ಮತ್ತೆ ನೆನಪಾದದ್ದು ನಿವೃತ್ತಿಯ ನಂತರ, ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲಕ್ಕೆ ಸೇರಿದಾಗ. 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ರೂಪಿಸಿದ ಈ ಜಾಲಕ್ಕೆ ಒಬ್ಬ ಒಡೆಯನಿಲ್ಲ. ಸಾವಿರಾರು ಸರ್ವರ್‌ಗಳು, ಪ್ರತಿಯೊಂದಕ್ಕೂ ಅದರದೇ ನಿಯಮ, ಅದರದೇ ಮೇಲ್ವಿಚಾರಕರು. ಆದರೂ ಆ್ಯಕ್ಟಿವಿಟಿಪಬ್ ಎಂಬ ಸಮಾನ ವ್ಯವಸ್ಥೆಯ ಮೂಲಕ ಒಂದರ ಸದಸ್ಯರು ಮತ್ತೊಂದರ ಸದಸ್ಯರೊಡನೆ ಮಾತನಾಡಬಲ್ಲರು. ಕ್ಯಾಂಪುಗಳು ಬೇರೆ ಬೇರೆ, ರಸ್ತೆ ಮಾತ್ರ ಒಂದೇ ಎಂದುಕೊಳ್ಳಬಹುದು.

ಇಂಥ ಜಾಲದ ಅಗತ್ಯವನ್ನು ಅನುಭವವೇ ಹೇಳುತ್ತದೆ. 2019ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಖಾತೆಯನ್ನು ಟ್ವಿಟರ್ ಅಮಾನತುಗೊಳಿಸಿದ್ದನ್ನು ಪ್ರತಿಭಟಿಸಿ ಅನೇಕ ಭಾರತೀಯರು ಮ್ಯಾಸ್ಟೊಡಾನ್‌ಗೆ ಬಂದರು. 2022ರಲ್ಲಿ ಟ್ವಿಟರ್ ಇಲಾನ್ ಮಸ್ಕ್ ಅವರ ಕೈಸೇರಿದಾಗ ಇಲ್ಲಿನ ಮಾಸಿಕ ಬಳಕೆದಾರರ ಸಂಖ್ಯೆ ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿತು. ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಕನ್ನಡಿಗರಿಗೂ ವೇದಿಕೆಯಾಗಿದ್ದ ‘ಕೂ’ 2024ರಲ್ಲಿ ಮುಚ್ಚಿಹೋಯಿತು. ಒಬ್ಬನೇ ಒಡೆಯನಿರುವಲ್ಲಿ ಬಾಗಿಲಿನ ಬೀಗದ ಕೈಯೂ ಒಂದೇ.

ಆದರೆ ವಲಸೆ ಬಂದವರಲ್ಲಿ ಬಹುಮಂದಿ ನಿಲ್ಲಲಿಲ್ಲ. ಕಾರಣಗಳು ಹಲವು; ಸ್ವಾಗತದ ರೀತಿಯೂ ಅವುಗಳಲ್ಲಿ ಒಂದು. ನಾನು ಮಸ್ಕಿಯ ಬೆಟ್ಟದ ಚಿತ್ರವೊಂದನ್ನು ಹಾಕಿದ್ದೆ. ಕೆಲವೇ ನಿಮಿಷಗಳಲ್ಲಿ ಅಪರಿಚಿತರೊಬ್ಬರು ‘ಚಿತ್ರಕ್ಕೆ ವಿವರಣೆಯಿಲ್ಲ, ಇಲ್ಲಿನ ರೀತಿ ತಿಳಿಯದವರು ಏಕೆ ಬರುತ್ತೀರಿ’ ಎಂದು ಗದರಿದರು. ಖಾತೆ ಮುಚ್ಚಲು ಹೊರಟಿದ್ದೆ. ಇನ್ನೊಬ್ಬರು ಬಂದು, ಕಣ್ಣು ಕಾಣದವರು ಯಂತ್ರದ ಮೂಲಕ ಆ ವಿವರಣೆಯನ್ನು ಓದಿಸಿ ಕೇಳುತ್ತಾರೆ, ಎರಡು ಸಾಲು ಬರೆದರೆ ಸಾಕು ಎಂದು ತಿಳಿಸಿದರು. ನಿಯಮ ಒಂದೇ ಆಗಿತ್ತು. ಮೊದಲನೆಯವರಲ್ಲಿ ಅಂದಿನ ಸಾಹೇಬನನ್ನೂ ಎರಡನೆಯವರಲ್ಲಿ ಜವಾನನನ್ನೂ ಕಂಡೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಎಲಿನಾರ್ ಆಸ್ಟ್ರಾಂ ನೆನಪಾಗುತ್ತಾರೆ. ಕಾಲುವೆ, ಕಾಡು, ಗೋಮಾಳಗಳಂಥ ಸಾಮೂಹಿಕ ಸಂಪತ್ತನ್ನು ಜನರೇ ನಿರ್ವಹಿಸಬಲ್ಲರೆಂದು ತೋರಿಸಿ 2009ರಲ್ಲಿ ನೊಬೆಲ್ ಪಡೆದವರು. ಬಾಳಿಕೆ ಬಂದ ವ್ಯವಸ್ಥೆಗಳಲ್ಲಿ ಅವರು ಕಂಡ ಲಕ್ಷಣಗಳಲ್ಲಿ ಒಂದು, ದಂಡನೆ ಮೆಟ್ಟಿಲು ಮೆಟ್ಟಿಲಾಗಿ ಏರುವುದು. ಮೊದಲ ತಪ್ಪಿಗೆ ತಿಳಿವಳಿಕೆಯ ಮಾತು, ಮತ್ತೆ ಮತ್ತೆ ತಪ್ಪಿದರೆ ಮಾತ್ರ ಹೊರಹಾಕುವುದು. ಜಾಲಕ್ಕೂ ಇದೇ ನ್ಯಾಯ ಸಲ್ಲಬೇಕು.

ಕಾಲುವೆಯ ಇನ್ನೊಂದು ಪಾಠವೂ ಇದೆ. ಮೇಲ್ಭಾಗದವರು ಬಿಟ್ಟರಷ್ಟೇ ಕೊನೆಭಾಗದ ರೈತನಿಗೆ ನೀರು. ಮ್ಯಾಸ್ಟೊಡಾನ್‌ನಲ್ಲಿ ಮಾತನ್ನು ಎತ್ತಿ ಹಿಡಿಯುವ ಕೆಲಸ ಹೆಚ್ಚಾಗಿ ಜನರದ್ದೇ, ಯಂತ್ರದ್ದಲ್ಲ. ಹಳಬರು ಹೊಸಬರ ಬರಹವನ್ನು ಮರುಹಂಚಿಕೆ ಮಾಡದಿದ್ದರೆ ಅದು ಹೆಚ್ಚು ಜನರನ್ನು ತಲುಪದೆ ಒಣಗುತ್ತದೆ. ಎರಡು ಮಾತು ಉತ್ತರಿಸುವುದು, ಒಮ್ಮೆ ಹಂಚುವುದು ಇಲ್ಲಿ ನೀರು ಬಿಟ್ಟಂತೆಯೇ.

ಹೊಸಬರಿಗೂ ಹೊಣೆಯಿದೆ. ಸೇರುವ ಮೊದಲು ಆ ಸರ್ವರ್‌ನ ನಿಯಮ ಓದಬೇಕು. ತಮ್ಮ ಪರಿಚಯ ಹೇಳಿಕೊಳ್ಳಬೇಕು. ಹಿಂಸೆಯ ಚಿತ್ರಗಳಿಗೆ ಎಚ್ಚರಿಕೆಯ ಮರೆ ಹಾಕಬೇಕು. ಹಳೆಯ ಜಾಲದ ಜಗಳವನ್ನು ಹೊತ್ತು ತರಬಾರದು. ಅನೇಕ ಸರ್ವರ್‌ಗಳು ಸ್ವಯಂಸೇವಕರ ಶ್ರಮ ಮತ್ತು ದೇಣಿಗೆಯಿಂದ ನಡೆಯುತ್ತವೆ ಎಂಬುದನ್ನು ಮರೆಯಬಾರದು.

ಆದರೆ ಶಿಷ್ಟಾಚಾರ ಬಾಯಿ ಮುಚ್ಚಿಸುವ ಸಾಧನವಾಗಕೂಡದು. 2022ರಲ್ಲಿ ಬಂದ ಕಪ್ಪು ಜನಾಂಗದ ಹಲವರು ವರ್ಣಭೇದದ ತಮ್ಮ ಅನುಭವ ಬರೆದಾಗ, ‘ಅದಕ್ಕೂ ಎಚ್ಚರಿಕೆಯ ಮರೆ ಹಾಕಿ’ ಎಂದು ಹಳಬರು ಒತ್ತಾಯಿಸಿದರು. ಎಷ್ಟೋ ಮಂದಿ ನೊಂದು ಹೊರಟುಹೋದರು. ನಾಳೆ ಲಿಂಗಸುಗೂರಿನ ದಲಿತ ಯುವತಿಯೊಬ್ಬಳು ತನ್ನ ಊರಿನ ಹೋಟೆಲಿನಲ್ಲೋ ಬಾವಿಕಟ್ಟೆಯಲ್ಲೋ ಕಂಡದ್ದನ್ನು ಬರೆದಾಗ ನಾವು ಹಾಗೆಯೇ ಹೇಳಿದರೆ, ಅದು ಹಳೆಯ ಮಡಿಯ ಹೊಸ ರೂಪವಾದೀತು. ಓದುವವರ ನೆಮ್ಮದಿಗಿಂತ ಬರೆಯುವವರ ಬಾಳು ದೊಡ್ಡದು.

1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಶಾಸನ ಅಶೋಕನ ಹೆಸರನ್ನು ನೇರವಾಗಿ ಹೇಳಿದ್ದಕ್ಕೆ ಪ್ರಸಿದ್ಧ. ಧರ್ಮದ ಗುರಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಎಟುಕುವಂಥದ್ದು ಎಂಬುದು ಅದರ ಆಶಯ. ತಿಳಿದವರು ತಿಳಿಯದವರಿಗೆ ದಾರಿ ತೋರುವುದಕ್ಕೆ ಇದಕ್ಕಿಂತ ಹಳೆಯ ಆಧಾರ ನಮ್ಮ ಜಿಲ್ಲೆಯಲ್ಲಿ ಬೇಕಿಲ್ಲ. ಆ ವೃದ್ಧರಲ್ಲಿ ಕ್ಷಮೆ ಕೇಳುವ ಅವಕಾಶ ನನಗೆ ಮತ್ತೆ ಸಿಗಲಿಲ್ಲ. ಈಗ ಜಾಲಕ್ಕೆ ಹೊಸಬರು ಬಂದಾಗಲೆಲ್ಲ ಮೊದಲು ನಮಸ್ಕಾರ ಹೇಳುತ್ತೇನೆ. ನಿಯಮದ ಮಾತು ಆಮೇಲೆ.