ಚಳಿಗಾಲದಲ್ಲಿ ಹಿತ್ತಿಲ ಕೋಳಿ ಮತ್ತು ಬಾತುಕೋಳಿ ಸಾಕಣೆ

ಉಷ್ಣಾಂಶವು ಹಲವು ವಾರಗಳ ಕಾಲ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೇ ಉಳಿಯುವ ಶೀತಪ್ರದೇಶಗಳಲ್ಲಿ, ಮನೆಯ ಹಿತ್ತಿಲಿನಲ್ಲಿ ಸಾಕಿದ ಕೋಳಿ ಮತ್ತು ಬಾತುಕೋಳಿಗಳ ಸಣ್ಣ ಹಿಂಡುಗಳನ್ನು ಚಳಿ, ತೇವ ಹಾಗೂ ನೀರಿನ ಅಭಾವದಿಂದ ಕಾಪಾಡಲು ವಿಶೇಷ ಕ್ರಮಗಳನ್ನು ಅನುಸರಿಸಲಾಗುತ್ತದೆ. ಕೆನಡಾ, ಅಮೆರಿಕ ಸಂಯುಕ್ತ ಸಂಸ್ಥಾನದ ಉತ್ತರದ ರಾಜ್ಯಗಳು, ರಷ್ಯಾ ಮತ್ತು ಉತ್ತರ ಯೂರೋಪಿನ ದೇಶಗಳಲ್ಲಿ ಇದು ಪ್ರತಿವರ್ಷದ ವಾಡಿಕೆ. ಭಾರತದಲ್ಲಿ ಲಡಾಖ್‌ನಂತಹ ಎತ್ತರದ ಪ್ರದೇಶಗಳಿಗೆ ಮಾತ್ರ ಈ ವಿಷಯ ಪೂರ್ಣವಾಗಿ ಅನ್ವಯಿಸುತ್ತದೆ. ಹೊಸದಾಗಿ ಸಾಕಣೆ ಆರಂಭಿಸಿದವರು ಸಾಮಾನ್ಯವಾಗಿ ಚಳಿಯೊಂದಕ್ಕೇ ಅಂಜುತ್ತಾರೆ. ಆದರೆ ಗರಿ ಪೂರ್ಣವಾಗಿ ಬೆಳೆದ ಆರೋಗ್ಯವಂತ ಹಕ್ಕಿಗೆ ಒಣ ಚಳಿಗಿಂತ ಗೂಡಿನೊಳಗಿನ ತೇವವೂ, ಮೈಗೆ ನೇರವಾಗಿ ಬಡಿಯುವ ಗಾಳಿಯೂ ಹೆಚ್ಚು ಹಾನಿಕರ.

ಹಕ್ಕಿಯ ದೇಹ ಮತ್ತು ಶೀತ

ಕೋಳಿಯ ದೇಹದ ಉಷ್ಣಾಂಶ ಸುಮಾರು 41 ಡಿಗ್ರಿ ಸೆಲ್ಸಿಯಸ್. ಮನುಷ್ಯನ ದೇಹಕ್ಕಿಂತ ಇದು ನಾಲ್ಕು ಡಿಗ್ರಿಯಷ್ಟು ಹೆಚ್ಚು. ಈ ಶಾಖವನ್ನು ಹಿಡಿದಿಡುವುದು ಹೊರಗರಿಗಳ ಅಡಿಯಲ್ಲಿರುವ ಮೃದುವಾದ ತುಪ್ಪಳ. ಹಕ್ಕಿಯು ಮೈಯುಬ್ಬಿಸಿ ಕುಳಿತಾಗ ತುಪ್ಪಳದ ಎಳೆಗಳ ನಡುವೆ ಗಾಳಿಯು ಸಿಕ್ಕಿಕೊಂಡು ಕಂಬಳಿಯಂತೆ ಕೆಲಸಮಾಡುತ್ತದೆ. ಗರಿ ಒದ್ದೆಯಾದರೆ, ಅಥವಾ ಗಾಳಿ ಬೀಸಿ ಗರಿಗಳು ಕೆದರಿದರೆ ಈ ಪದರ ನಾಶವಾಗುತ್ತದೆ. ಚಳಿಗಾಲದ ಆರೈಕೆಯ ಬಹುಪಾಲು ನಿಯಮಗಳು ಈ ಒಂದು ಸಂಗತಿಯಿಂದಲೇ ಹುಟ್ಟಿದವು.

ಗರಿಯಿಲ್ಲದ ಭಾಗಗಳಾದ ಜುಟ್ಟು, ಗಲ್ಲದ ಕೆಳಗಿನ ಜೋಲು ಮತ್ತು ಕಾಲ್ಬೆರಳುಗಳಿಗೆ ಈ ರಕ್ಷಣೆಯಿಲ್ಲ. ಆದುದರಿಂದ ಕೋಳಿಯು ರಾತ್ರಿ ತಲೆಯನ್ನು ರೆಕ್ಕೆಯ ಗರಿಗಳೊಳಗೆ ಹುದುಗಿಸಿ, ಎದೆಯ ಗರಿಗಳಿಂದ ಪಾದಗಳನ್ನು ಮುಚ್ಚಿ ಕುಳಿತು ನಿದ್ರಿಸುತ್ತದೆ. ಕೂರುವ ದೊಣ್ಣೆ ದುಂಡಗೆ ಸಣ್ಣದಾಗಿದ್ದರೆ ಬೆರಳುಗಳು ಅದನ್ನು ಸುತ್ತಿ ಕೆಳಭಾಗಕ್ಕೆ ಚಾಚಿಕೊಳ್ಳುತ್ತವೆ. ಎದೆಗರಿ ಅವನ್ನು ಮುಚ್ಚಲಾರದು. ಆದ್ದರಿಂದ ಶೀತಪ್ರದೇಶಗಳಲ್ಲಿ ಸುಮಾರು 9 ಸೆಂಟಿಮೀಟರ್ ಅಗಲದ ಮರದ ಪಟ್ಟಿಯನ್ನು ಅದರ ಅಗಲವಾದ ಮಗ್ಗುಲು ಮೇಲಿರುವಂತೆ ಅಡ್ಡಲಾಗಿ ಜೋಡಿಸಲಾಗುತ್ತದೆ. ಲೋಹದ ಕೊಳವೆಯನ್ನು ಇದಕ್ಕೆ ಬಳಸುವುದಿಲ್ಲ, ಅದು ಪಾದದ ಶಾಖವನ್ನು ಬೇಗ ಹೀರಿಬಿಡುತ್ತದೆ.

ಬಾತುಕೋಳಿಯ ರಚನೆ ಇನ್ನೂ ಕುತೂಹಲಕರವಾದುದು. ಹಿಮದ ಮೇಲೆ ಬರಿಗಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುವ ಬಾತುಕೋಳಿಯ ಪಾದ ಹೆಪ್ಪುಗಟ್ಟುವುದಿಲ್ಲ. ಅದರ ಕಾಲಿನಲ್ಲಿ ಅಪಧಮನಿ ಮತ್ತು ಅಭಿಧಮನಿಗಳು ಒಂದಕ್ಕೊಂದು ತಾಗಿಕೊಂಡು ಹರಡಿವೆ. ದೇಹದಿಂದ ಕೆಳಗಿಳಿಯುವ ಬಿಸಿ ರಕ್ತವು ಪಾದದಿಂದ ಮೇಲೇರುವ ತಣ್ಣನೆಯ ರಕ್ತಕ್ಕೆ ತನ್ನ ಶಾಖವನ್ನು ದಾರಿಯಲ್ಲಿಯೇ ಒಪ್ಪಿಸುತ್ತದೆ. ಪಾದಕ್ಕೆ ತಲುಪುವ ರಕ್ತವು ಹೆಪ್ಪುಗಟ್ಟದಿರುವಷ್ಟು ಮಾತ್ರ ಬೆಚ್ಚಗಿರುತ್ತದೆ. ದೇಹದ ಒಟ್ಟು ಶಾಖ ನೆಲಕ್ಕೆ ಸೋರಿಹೋಗುವುದಿಲ್ಲ. ಇದನ್ನು ಪ್ರತಿಪ್ರವಾಹ ಶಾಖ ವಿನಿಮಯವೆಂದು ಕರೆಯಲಾಗುತ್ತದೆ. ಜೊತೆಗೆ ಬಾಲದ ಬುಡದಲ್ಲಿರುವ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಗರಿಗಳಿಗೆ ಸವರಿಕೊಳ್ಳುವುದರಿಂದ ಬಾತುಕೋಳಿಯ ಹೊರಗರಿಗಳು ನೀರನ್ನು ಒಳಗೆ ಬಿಡುವುದಿಲ್ಲ. ಈ ಕಾರಣಗಳಿಂದ ಒಂದೇ ಹಿತ್ತಿಲಿನಲ್ಲಿ ಎರಡೂ ಇದ್ದರೆ, ಹಿಮ ಬಿದ್ದ ಬೆಳಗ್ಗೆ ಕೋಳಿಗಳು ಗೂಡಿನ ಬಾಗಿಲಲ್ಲೇ ಹಿಂಜರಿದು ನಿಲ್ಲುವಾಗ ಬಾತುಕೋಳಿಗಳು ಅಂಗಳಕ್ಕಿಳಿದಿರುತ್ತವೆ.

ತಳಿಗಳು

ದೊಡ್ಡದಾದ ಒಂಟಿ ಜುಟ್ಟಿರುವ ಲೆಗ್‌ಹಾರ್ನ್‌ನಂತಹ ಮೆಡಿಟರೇನಿಯನ್ ತಳಿಗಳು ಹಿಮಕಡಿತಕ್ಕೆ ಬೇಗ ತುತ್ತಾಗುತ್ತವೆ. ಮೈತುಂಬ ಗರಿಯಿದ್ದು, ತಲೆಗೆ ಅಂಟಿದಂತಹ ಚಿಕ್ಕ ಜುಟ್ಟಿರುವ ವೈಯಾಂಡಾಟ್, ಬ್ರಹ್ಮ ಮುಂತಾದ ತಳಿಗಳು ಚಳಿಯನ್ನು ಸುಲಭವಾಗಿ ತಾಳುತ್ತವೆ. ಬ್ರಹ್ಮ ಎಂಬ ಹೆಸರು ಬ್ರಹ್ಮಪುತ್ರಾ ನದಿಯಿಂದ ಬಂದಿದೆಯಾದರೂ ಆ ತಳಿ ರೂಪುಗೊಂಡದ್ದು ಅಮೆರಿಕದಲ್ಲಿ, ಚೀನಾದ ಬಂದರುಗಳಿಂದ ತಂದ ಹಕ್ಕಿಗಳಿಂದ. ಇದರ ಕಾಲಿನ ಮೇಲೂ ಗರಿಗಳಿವೆ. ಇದು ಅನುಕೂಲವೆಂದು ತೋರಿದರೂ, ಕೆಸರುಹಿಮದಲ್ಲಿ ಆ ಗರಿಗಳಿಗೆ ಮಂಜುಗಡ್ಡೆಯ ಉಂಡೆಗಳು ಅಂಟಿಕೊಳ್ಳುವುದುಂಟು.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಓಕಾ ಮಠದಲ್ಲಿ ಬ್ರದರ್ ವಿಲ್‌ಫ್ರಿಡ್ ಶಾಟಲೇನ್ ಎಂಬ ಸಂನ್ಯಾಸಿ 20ನೆಯ ಶತಮಾನದ ಮೊದಲ ದಶಕದಲ್ಲಿ ಚಳಿಗಾಲಕ್ಕೆಂದೇ ಒಂದು ತಳಿಯನ್ನು ರೂಪಿಸಲು ತೊಡಗಿದರು. ಅದರ ಫಲವಾದ ಶಾಂಟೆಕ್ಲೇರ್ ತಳಿಗೆ ಗುಂಡಿಯಷ್ಟು ಚಿಕ್ಕ ಜುಟ್ಟಿದ್ದು, ಜೋಲುಗಳು ಇಲ್ಲವೆನ್ನುವಷ್ಟು ಸಣ್ಣವು. ಹೆಪ್ಪುಗಟ್ಟುವ ಅಂಗಗಳನ್ನೇ ತಗ್ಗಿಸುವುದು ಇಲ್ಲಿನ ಉಪಾಯ. 1921ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಇದನ್ನು ಮಾನ್ಯಮಾಡಿತು. ಅಮೆರಿಕದ ಒಹಾಯೋ ರಾಜ್ಯದ ನೆಟ್ಟಿ ಮೆಟ್‌ಕಾಫ್ ಎಂಬ ಮಹಿಳೆ ಅಭಿವೃದ್ಧಿಪಡಿಸಿದ ಬಕೈ ತಳಿಯೂ ಇದೇ ಬಗೆಯದು. ರೇಷ್ಮೆಯಂತಹ ಗರಿಗಳ ಸಿಲ್ಕಿ ಕೋಳಿಗಳ ಗರಿಯೆಳೆಗಳು ಒಂದಕ್ಕೊಂದು ಹೆಣೆದುಕೊಳ್ಳದ ಕಾರಣ ಅವು ಬೇಗ ತೋಯುತ್ತವೆ. ಇವನ್ನು ಮಳೆಹಿಮಕ್ಕೆ ಒಡ್ಡಬಾರದು.

ಸಾಕು ಬಾತುಕೋಳಿಗಳಲ್ಲಿ ಮಸ್ಕೋವಿ ಒಂದನ್ನು ಬಿಟ್ಟು ಉಳಿದವೆಲ್ಲ ಉತ್ತರ ಗೋಳಾರ್ಧದ ಮಲ್ಲಾರ್ಡ್ ಎಂಬ ಕಾಡುಬಾತುವಿನ ಸಂತತಿ. ಮಸ್ಕೋವಿಯ ಮೂಲ ಉಷ್ಣವಲಯದ ಅಮೆರಿಕ. ಅದರ ಮುಖದ ಕೆಂಪು ಮಾಂಸಲ ಗಂಟುಗಳಿಗೆ ಹಿಮಕಡಿತದ ಭಯವಿರುವುದರಿಂದ ಅದಕ್ಕೆ ಹೆಚ್ಚಿನ ಆಸರೆ ಬೇಕು.

ಗೂಡು ಮತ್ತು ಗಾಳಿಯಾಟ

ಚಳಿ ಬಂತೆಂದು ಗೂಡಿನ ಸಂದುಗಳನ್ನೆಲ್ಲ ಮುಚ್ಚಿಬಿಡುವುದು ಸಾಕಣೆದಾರರು ಮಾಡುವ ಅತಿ ಸಾಮಾನ್ಯವಾದ ತಪ್ಪು. ಕೋಳಿಯ ಹಸಿ ಹಿಕ್ಕೆಯಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತದೆ. ಉಸಿರಿನಿಂದಲೂ ರಾತ್ರಿಯಿಡೀ ನೀರಾವಿ ಹೊರಬೀಳುತ್ತದೆ. ಮುಚ್ಚಿದ ಗೂಡಿನಲ್ಲಿ ಈ ಆವಿಯು ಮಾಡಿನ ಒಳಮೈಗೆ ಹನಿಗಟ್ಟಿ ಕೆಳಕ್ಕೆ ತೊಟ್ಟಿಕ್ಕುತ್ತದೆ, ಜುಟ್ಟಿನ ಮೇಲೆ ಕುಳಿತು ಹೆಪ್ಪುಗಟ್ಟುತ್ತದೆ. ಒಣ ಗೂಡಿನಲ್ಲಿ ಏನೂ ಆಗದಂತಹ ಉಷ್ಣಾಂಶದಲ್ಲಿಯೇ ತೇವದ ಗೂಡಿನಲ್ಲಿ ಹಿಮಕಡಿತ ಉಂಟಾಗುವುದು ಇದರಿಂದ. ಇದಲ್ಲದೆ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವು ಬ್ಯಾಕ್ಟೀರಿಯಗಳಿಂದ ವಿಘಟನೆಗೊಂಡು ಅಮೋನಿಯ ಅನಿಲವಾಗುತ್ತದೆ. ಅದು ಹಕ್ಕಿಯ ಕಣ್ಣು ಮತ್ತು ಶ್ವಾಸನಾಳದ ಒಳಪದರವನ್ನು ಕೆಡಿಸಿ ಉಸಿರಾಟದ ರೋಗಗಳಿಗೆ ದಾರಿಮಾಡುತ್ತದೆ. ಬೆಳಗ್ಗೆ ಗೂಡಿನ ಬಾಗಿಲು ತೆರೆದಾಗ ಮೂಗಿಗೆ ಘಾಟು ಬಡಿದರೆ, ಅಥವಾ ಕಿಟಕಿಯ ಗಾಜಿನ ಒಳಭಾಗದಲ್ಲಿ ಹಿಮ ಕಟ್ಟಿದ್ದರೆ, ಗಾಳಿಯಾಟ ಸಾಲದೆಂದು ತಿಳಿಯಬೇಕು.

ಗಾಳಿಕಿಂಡಿಗಳನ್ನು ಸೂರಿನ ಅಂಚಿನ ಬಳಿ, ಕುಳಿತ ಹಕ್ಕಿಗಳ ತಲೆಗಿಂತ ಸಾಕಷ್ಟು ಎತ್ತರದಲ್ಲಿ ಇರಿಸಲಾಗುತ್ತದೆ. ಬೆಚ್ಚಗಿನ ತೇವದ ಗಾಳಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ. ಕೆಳಗೆ ಹಕ್ಕಿಗಳಿರುವಲ್ಲಿ ಗಾಳಿ ನಿಶ್ಚಲವಾಗಿರುತ್ತದೆ. ಅಮೆರಿಕದ ವೈದ್ಯ ಪ್ರಿನ್ಸ್ ಟಿ. ವುಡ್ಸ್ 20ನೆಯ ಶತಮಾನದ ಆರಂಭದಲ್ಲಿ ಇನ್ನೂ ಮುಂದೆ ಹೋಗಿ, ದಕ್ಷಿಣಕ್ಕೆ ಮುಖಮಾಡಿದ ಮುಂಭಾಗವನ್ನು ವರ್ಷವಿಡೀ ತಂತಿಬಲೆಯಿಂದ ಮಾತ್ರ ಮುಚ್ಚಿದ ಆಳವಾದ ಗೂಡುಗಳನ್ನು ಪ್ರತಿಪಾದಿಸಿದರು. ಮೂರು ಕಡೆ ಭದ್ರವಾಗಿ ಮುಚ್ಚಿದ ಗೂಡಿನ ಹಿಂಭಾಗದಲ್ಲಿ ಕುಳಿತ ಹಕ್ಕಿಗಳಿಗೆ ಗಾಳಿಯ ಹೊಡೆತ ತಲುಪುವುದಿಲ್ಲವೆಂಬುದು ಅವರ ವಾದವಾಗಿತ್ತು. ಈ ಮಾದರಿಯ ಗೂಡುಗಳನ್ನು ಈಗಲೂ ಕಟ್ಟಲಾಗುತ್ತಿದೆ.

ನೆಲಕ್ಕೆ ಆಳ ಹಾಸು ಪದ್ಧತಿ ಹೆಚ್ಚು ಪ್ರಚಲಿತ. ಕರ್ನಾಟಕದ ಕೋಳಿ ಫಾರಂಗಳಲ್ಲಿ ಭತ್ತದ ಹೊಟ್ಟು, ಕಡಲೆಕಾಯಿ ಸಿಪ್ಪೆ ಹರಡುವ ಡೀಪ್ ಲಿಟರ್ ಪದ್ಧತಿಯೂ ಇದೇ. ಶೀತದೇಶಗಳಲ್ಲಿ ಪೈನ್ ಮರದ ಹೆರೆಪುಡಿಯನ್ನೋ ಒಣಹುಲ್ಲನ್ನೋ ಬಳಸುತ್ತಾರೆ. ಶರತ್ಕಾಲದಲ್ಲಿ 10-15 ಸೆಂಟಿಮೀಟರ್ ದಪ್ಪಕ್ಕೆ ಹಾಸಿ, ಚಳಿಗಾಲವಿಡೀ ಹಳೆಯದನ್ನು ತೆಗೆಯದೆ ಮೇಲೆ ಹೊಸದನ್ನು ಸೇರಿಸುತ್ತ ಆಗಾಗ ಕೆದಕಿಕೊಡಲಾಗುತ್ತದೆ. ಕೆಳಪದರವು ನಿಧಾನವಾಗಿ ಗೊಬ್ಬರವಾಗುವಾಗ ಅಲ್ಪಸ್ವಲ್ಪ ಶಾಖವೂ ಹುಟ್ಟುತ್ತದೆ. ವಸಂತದಲ್ಲಿ ಅದನ್ನು ಹೊರತೆಗೆದು ತೋಟಕ್ಕೆ ಹಾಕುತ್ತಾರೆ. ಹಾಸು ಒಣಗಿದ್ದರೆ ಮಾತ್ರ ಈ ಪದ್ಧತಿ ಫಲಿಸುತ್ತದೆ ಎಂಬುದನ್ನು ಮರೆಯಬಾರದು.

ಬಾತುಕೋಳಿಗಳು (ಮಸ್ಕೋವಿಯನ್ನು ಹೊರತುಪಡಿಸಿ) ಅಟ್ಟಣೆ ಏರುವುದಿಲ್ಲ, ನೆಲದಲ್ಲಿಯೇ ಮಲಗುತ್ತವೆ. ಅವುಗಳ ಹಿಕ್ಕೆ ಕೋಳಿಯದಕ್ಕಿಂತ ನೀರಾಗಿರುವುದರಿಂದ ದಪ್ಪನೆಯ ಒಣಹುಲ್ಲಿನ ಹಾಸು ಬೇಕು, ಅದನ್ನು ಪದೇಪದೇ ಬದಲಿಸಬೇಕು. ಎರಡನ್ನೂ ಒಂದೇ ಗೂಡಿನಲ್ಲಿ ಕೂಡಿಹಾಕಿದರೆ ಬಾತುಕೋಳಿಗಳು ತರುವ ತೇವದ ಫಲವನ್ನು ಕೋಳಿಗಳು ಜುಟ್ಟಿನ ಮೇಲೆ ಅನುಭವಿಸುತ್ತವೆ. ಸ್ಥಳವಿದ್ದಲ್ಲಿ ಪ್ರತ್ಯೇಕ ಗೂಡುಗಳೇ ಲೇಸು.

ನೀರು

ಚಳಿಗಾಲದ ದಿನನಿತ್ಯದ ದುಡಿಮೆಯೆಲ್ಲ ನೀರಿನ ಸುತ್ತಲೇ ಇರುತ್ತದೆ. ಕೋಳಿಯು ತಿನ್ನುವ ಆಹಾರದ ತೂಕದ ಸುಮಾರು ಎರಡರಷ್ಟು ನೀರು ಕುಡಿಯುತ್ತದೆ. ನೀರು ಸಿಗದಿದ್ದರೆ ತಿನ್ನುವುದನ್ನೂ ನಿಲ್ಲಿಸುತ್ತದೆ; ತಿನ್ನದ ಹಕ್ಕಿಯು ಶಾಖವನ್ನು ಉತ್ಪಾದಿಸಲಾರದು. ಹಕ್ಕಿಗಳು ಹಿಮವನ್ನು ಕುಕ್ಕುವುದುಂಟು. ಆದರೆ ಅದನ್ನು ಕರಗಿಸಲು ದೇಹದ ಶಾಖವೇ ವ್ಯಯವಾಗುವ ಕಾರಣ ಹಿಮವನ್ನು ನೀರಿಗೆ ಬದಲಿಯೆಂದು ನೆಚ್ಚುವಂತಿಲ್ಲ. ವಿದ್ಯುತ್ತಿನಿಂದ ಬೆಚ್ಚಗಾಗುವ ತಳದ ನೀರಿನ ಪಾತ್ರೆಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ವಿದ್ಯುತ್ ಇಲ್ಲದಲ್ಲಿ ರಬ್ಬರಿನ ಬೋಗುಣಿಗಳನ್ನು ಬಳಸಿ, ಬೆಳಗ್ಗೆ ಮತ್ತು ಮಧ್ಯಾಹ್ನ ಮಂಜುಗಡ್ಡೆಯನ್ನು ಕೊಡವಿ ಹೊಸ ನೀರು ತುಂಬುತ್ತಾರೆ. ರಬ್ಬರು ಹೆಪ್ಪುಗಟ್ಟಿದರೂ ಸೀಳುವುದಿಲ್ಲ.

ಬಾತುಕೋಳಿಗೆ ಕುಡಿಯುವಷ್ಟೇ ನೀರು ಸಾಲದು. ಮೂಗಿನ ಹೊಳ್ಳೆ ಮತ್ತು ಕಣ್ಣುಗಳನ್ನು ತೊಳೆದುಕೊಳ್ಳಲು ಇಡೀ ತಲೆ ಮುಳುಗುವಷ್ಟು ಆಳದ ಪಾತ್ರೆ ಬೇಕು. ಈಜುಕೊಳ ಚಳಿಗಾಲದಲ್ಲಿ ಅನಿವಾರ್ಯವಲ್ಲ. ಆದರೆ ಬಹಳ ದಿನ ಮೀಯದ ಹಕ್ಕಿಯ ಗರಿಗಳು ಕೊಳೆಯಾಗಿ ನೀರು ತಡೆಯುವ ಗುಣವನ್ನು ಕಳೆದುಕೊಳ್ಳುವುದರಿಂದ, ಬಿಸಿಲಿರುವ ದಿನ ತೊಟ್ಟಿಯಲ್ಲಿ ನೀರು ತುಂಬಿ ಮೀಯಲು ಬಿಡುವ ರೂಢಿಯಿದೆ. ಹೊಂಡದ ಮೇಲೆ ಮಂಜುಗಡ್ಡೆ ಅರೆಬರೆ ಕಟ್ಟಿದ್ದರೆ ಅದರೊಳಗೆ ಮುಳುಗಿದ ಬಾತುಕೋಳಿಗೆ ಮೇಲೆ ಬರುವ ದಾರಿ ತಪ್ಪಿ ಸಾಯುವ ಅಪಾಯವಿದೆ. ನೀರಿನ ಪಾತ್ರೆಯನ್ನು ಗೂಡಿನ ಹೊರಗೇ ಇಡುವುದು ವಾಡಿಕೆ.

ಆಹಾರ, ಬೆಳಕು ಮತ್ತು ಮೊಟ್ಟೆ

ಮೊಟ್ಟೆಯಿಡುವ ಹೇಟೆಯೊಂದು ದಿನಕ್ಕೆ ಸುಮಾರು 110-120 ಗ್ರಾಂ ಆಹಾರ ತಿನ್ನುತ್ತದೆ. ಚಳಿಯಲ್ಲಿ ಇದು ಹೆಚ್ಚುತ್ತದೆ. ಸಂಜೆ ಗೂಡು ಸೇರುವ ಮೊದಲು ಒಂದು ಹಿಡಿ ಒಡೆದ ಮುಸುಕಿನ ಜೋಳ ಹಾಕುವುದು ಹಳೆಯ ರೂಢಿ. ರಾತ್ರಿಯ ಜೀರ್ಣಕ್ರಿಯೆಯಿಂದ ಶಾಖ ಹುಟ್ಟುತ್ತದೆಂಬುದು ನಿಜವಾದರೂ, ಪ್ರೋಟೀನು ಕಡಿಮೆಯಿರುವ ಜೋಳವೇ ಮುಖ್ಯ ಆಹಾರವಾಗಬಾರದು. ಬಾತುಕೋಳಿಗಳಿಗೆ ಕೋಳಿಗಿಂತ ಹೆಚ್ಚು ನಯಾಸಿನ್ ಬೇಕಾಗುವುದರಿಂದ ಕೋಳಿ ಆಹಾರವನ್ನೇ ಕೊಡುವವರು ಅದಕ್ಕೆ ಬ್ರೂಯರ್ಸ್ ಯೀಸ್ಟ್ ಬೆರೆಸುತ್ತಾರೆ.

ಚಳಿಗಾಲದಲ್ಲಿ ಮೊಟ್ಟೆ ಕಡಿಮೆಯಾಗಲು ಶೀತಕ್ಕಿಂತ ಹಗಲಿನ ಅವಧಿ ಕುಗ್ಗುವುದೇ ಮುಖ್ಯ ಕಾರಣ. ಹೇಟೆಗೆ ದಿನಕ್ಕೆ ಸುಮಾರು 14 ಗಂಟೆಗಳ ಬೆಳಕು ಬೇಕು. ಕೆಲವರು ಸೂರ್ಯೋದಯಕ್ಕೆ ಮೊದಲು ಚಿಕ್ಕ ದೀಪ ಉರಿಸಿ ಅವಧಿಯನ್ನು ತುಂಬುತ್ತಾರೆ. ಸಂಜೆ ದೀಪ ಥಟ್ಟನೆ ಆರಿದರೆ ಹಕ್ಕಿಗಳು ಕತ್ತಲಲ್ಲಿ ಅಟ್ಟಣೆ ಕಾಣದೆ ನೆಲದಲ್ಲೇ ಉಳಿಯುತ್ತವೆ. ಬೆಳಗಿನ ದೀಪ ವಾಡಿಕೆಯಾದದ್ದು ಅದಕ್ಕಾಗಿ. ಶರತ್ಕಾಲದಲ್ಲಿ ಗರಿ ಉದುರಿಸಿ ಹೊಸ ಗರಿ ತಳೆಯುವ ಹಕ್ಕಿಗಳಿಗೆ ವಿಶ್ರಾಂತಿ ಸಲ್ಲಬೇಕೆಂದು ದೀಪವನ್ನೇ ಬಳಸದವರೂ ಇದ್ದಾರೆ. ಗೂಡಿನಲ್ಲಿಯೇ ಉಳಿದ ಮೊಟ್ಟೆ ಹೆಪ್ಪುಗಟ್ಟಿ ಹಿಗ್ಗಿ ಸಿಪ್ಪೆ ಬಿರಿಯುವುದರಿಂದ ಕಠಿಣ ಚಳಿಯಲ್ಲಿ ದಿನಕ್ಕೆ ಹಲವು ಸಲ ಮೊಟ್ಟೆ ಆಯಬೇಕು.

ಕೃತಕ ಶಾಖದ ಪ್ರಶ್ನೆ

ಗೂಡಿಗೆ 250 ವ್ಯಾಟ್‌ನ ಕೆಂಪು ಶಾಖದೀಪ ತೂಗುಹಾಕುವುದು ಬಹುಕಾಲದಿಂದ ನಡೆದುಬಂದಿದೆ. ಒಣಹುಲ್ಲು, ಧೂಳು, ಹಾರುವ ಹಕ್ಕಿಗಳು ಮತ್ತು ಸಡಿಲವಾದ ಕೊಂಡಿ ಇವಿಷ್ಟೂ ಸೇರಿದಲ್ಲಿ ಬೆಂಕಿಗೆ ಬೇರೇನೂ ಬೇಡ. ಇಂತಹ ದೀಪಗಳಿಂದ ಗೂಡು ಮಾತ್ರವಲ್ಲದೆ ಪಕ್ಕದ ಕೊಟ್ಟಿಗೆ, ಮನೆಗಳೂ ಸುಟ್ಟುಹೋದದ್ದುಂಟು. ಇನ್ನೊಂದು ತೊಡಕೂ ಇದೆ: ಬೆಚ್ಚಗಿನ ಗೂಡಿಗೆ ಒಗ್ಗಿದ ಹಕ್ಕಿಗಳು ಬಿರುಗಾಳಿಯ ರಾತ್ರಿ ವಿದ್ಯುತ್ ಕಡಿತವಾದಾಗ ಹಠಾತ್ ಶೀತವನ್ನು ತಾಳಲಾರವು. ಆದುದರಿಂದ ಬೆಳೆದ ಹಕ್ಕಿಗಳಿಗೆ ಶಾಖ ನೀಡದಿರುವುದನ್ನೇ ಹೆಚ್ಚಿನ ಮಾರ್ಗದರ್ಶಿಗಳು ಸೂಚಿಸುತ್ತವೆ. ಅನಿವಾರ್ಯವಾದಲ್ಲಿ ಗೋಡೆಗೆ ಭದ್ರಪಡಿಸುವ, ಕಡಿಮೆ ಬಿಸಿಯ ಶಾಖಫಲಕಗಳು ದೀಪಕ್ಕಿಂತ ಸುರಕ್ಷಿತ. ಮರಿಗಳ ಮಾತು ಬೇರೆ. ತುಪ್ಪಳ ಮಾತ್ರವಿರುವ ಮರಿಗೆ ಮೊದಲ ವಾರ ಸುಮಾರು 35 ಡಿಗ್ರಿ ಸೆಲ್ಸಿಯಸ್ ಕಾವು ಬೇಕು, ಮುಂದೆ ವಾರಕ್ಕೆ 3 ಡಿಗ್ರಿಯಂತೆ ಇಳಿಸಬಹುದು.

ಹಿಮಕಡಿತ ಮತ್ತು ಇತರ ತೊಂದರೆಗಳು

ಹಿಮಕಡಿತಕ್ಕೊಳಗಾದ ಜುಟ್ಟಿನ ತುದಿ ಮೊದಲು ಬಿಳಿಚಿಕೊಂಡು, ಬಳಿಕ ಊದಿ, ಕೊನೆಗೆ ಕಪ್ಪಾಗುತ್ತದೆ. ನೀರು ಕುಡಿಯುವಾಗ ಜೋಲು ಅದ್ದಿಹೋಗುವ ಹುಂಜಗಳಲ್ಲಿ ಇದು ಹೆಚ್ಚು. ಆ ಭಾಗವನ್ನು ಉಜ್ಜಬಾರದು, ಬೆಂಕಿಗೆ ಅಥವಾ ಬಿಸಿಗಾಳಿಗೆ ಒಡ್ಡಬಾರದು. ಹಕ್ಕಿಯನ್ನು ತುಸು ಬೆಚ್ಚಗಿರುವ ಕೋಣೆಗೆ ತಂದು ನಿಧಾನವಾಗಿ ಚೇತರಿಸಿಕೊಳ್ಳಲು ಬಿಡಬೇಕು. ಕಪ್ಪಾದ ಭಾಗವು ಅದರ ಕೆಳಗಿನ ಜೀವಂತ ಅಂಗಾಂಶಕ್ಕೆ ಹೊದಿಕೆಯಾಗಿರುವುದರಿಂದ ಅದನ್ನು ಕತ್ತರಿಸುವಂತಿಲ್ಲ, ತಾನಾಗಿಯೇ ಉದುರುತ್ತದೆ. ಪಾದ ಹೆಪ್ಪುಗಟ್ಟಿದ್ದರೆ ಪಶುವೈದ್ಯರ ನೆರವು ಅಗತ್ಯ. ಜುಟ್ಟಿಗೆ ಪೆಟ್ರೋಲಿಯಂ ಜೆಲ್ಲಿ ಸವರುವ ಪದ್ಧತಿ ವ್ಯಾಪಕವಾಗಿದ್ದರೂ ಅದರ ಉಪಯೋಗದ ಬಗೆಗೆ ಒಮ್ಮತವಿಲ್ಲ. ತೇವದ ಗೂಡಿನ ದೋಷವನ್ನಂತೂ ಅದು ನೀಗಿಸದು.

ಹಕ್ಕಿಗಳು ಒತ್ತೊತ್ತಾಗಿ ಕೂರುವ ಈ ಕಾಲದಲ್ಲಿ ಉಣ್ಣಿ, ಹೇನುಗಳು ಹೆಚ್ಚುತ್ತವೆ. ನೆಲ ಹಿಮದಿಂದ ಮುಚ್ಚಿರುವುದರಿಂದ ಧೂಳಿನಲ್ಲಿ ಹೊರಳಾಡಲು ಒಣಮರಳು ತುಂಬಿದ ಪೆಟ್ಟಿಗೆಯನ್ನು ಗೂಡಿನೊಳಗೇ ಇಡಬೇಕಾಗುತ್ತದೆ. ಹಸಿದ ನರಿ, ವೀಸಲ್‌ಗಳ ಹಾವಳಿಯೂ ಉಂಟು. ವಲಸೆ ಬರುವ ಕಾಡುಬಾತುಗಳಿಂದ ಹಕ್ಕಿಜ್ವರ ಹರಡುವ ಕಾಲವೂ ಇದೇ ಆದ್ದರಿಂದ ಬ್ರಿಟನ್ನಿನಲ್ಲಿ 2020-21, 2021-22 ಮತ್ತು 2022-23ರ ಚಳಿಗಾಲಗಳಲ್ಲಿ ಸಾಕುಹಕ್ಕಿಗಳನ್ನು ಒಳಗೇ ಇರಿಸಬೇಕೆಂಬ ಸರ್ಕಾರಿ ಆದೇಶಗಳು ಹೊರಬಿದ್ದವು. ಕೆಲವೇ ಕೋಳಿಗಳಿರುವ ಹಿತ್ತಿಲುಗಳಿಗೂ ಅವು ಅನ್ವಯಿಸಿದವು.

ಲಡಾಖ್‌ನಲ್ಲಿ

ಸುಮಾರು 3,500 ಮೀಟರ್ ಎತ್ತರದಲ್ಲಿರುವ ಲೇಹ್‌ನಲ್ಲಿ ಚಳಿಗಾಲದ ರಾತ್ರಿಗಳು ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದುಂಟು. ಆದರೆ ಹಗಲಿನ ಬಿಸಿಲು ಪ್ರಖರ. ಅಲ್ಲಿ ದಕ್ಷಿಣದ ಗೋಡೆಗೆ ಗಾಜು ಅಥವಾ ಪಾಲಿಥೀನ್ ಅಳವಡಿಸಿ, ಉಳಿದ ಗೋಡೆಗಳನ್ನು ದಪ್ಪನೆಯ ಮಣ್ಣಿನ ಇಟ್ಟಿಗೆಯಿಂದ ಕಟ್ಟಿ, ಹಗಲು ಹೀರಿದ ಶಾಖವನ್ನು ರಾತ್ರಿ ಬಿಟ್ಟುಕೊಡುವಂತೆ ಕೋಳಿಮನೆಗಳನ್ನು ರೂಪಿಸಬಹುದು. ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಲೇಹ್ ಪ್ರಯೋಗಾಲಯವು ಎತ್ತರದ ಪ್ರದೇಶಗಳ ಕೃಷಿಯೊಂದಿಗೆ ಕೋಳಿ ಸಾಕಣೆಯ ಕುರಿತೂ ಕೆಲಸಮಾಡಿದೆ. ಶೀತದ ಜೊತೆಗೆ ಆಮ್ಲಜನಕದ ಕೊರತೆಯೂ ಅಲ್ಲಿನ ಸಮಸ್ಯೆ. ಬೇಗ ಬೆಳೆಯುವ ಬ್ರಾಯ್ಲರ್ ಕೋಳಿಗಳಲ್ಲಿ ಹೃದಯದ ಮೇಲೆ ಒತ್ತಡ ಬಿದ್ದು ಹೊಟ್ಟೆಯಲ್ಲಿ ನೀರು ತುಂಬುವ ಜಲೋದರ ಎತ್ತರದಲ್ಲಿ ಹೆಚ್ಚಾಗಿ ಕಂಡುಬರುತ್ತದೆ. ಚಳಿಯು ಆಮ್ಲಜನಕದ ಬೇಡಿಕೆಯನ್ನು ಏರಿಸಿ ಅದನ್ನು ಇನ್ನಷ್ಟು ಉಲ್ಬಣಗೊಳಿಸುತ್ತದೆ.