ಚಕ್ಕುಬಂದಿಯ ಒಳಗೊಂದು ಮನೆ

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಶಾಸನಗಳಿಗೆ ಬರವಿಲ್ಲ. ಬಿ. ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪಾದಿಸಿದಾಗ ಏಳನೆಯ ಸಂಪುಟದಲ್ಲಿ ಶಿಕಾರಿಪುರದ, ಎಂಟನೆಯದರಲ್ಲಿ ಸೊರಬದ ಶಾಸನಗಳನ್ನು ಸೇರಿಸಿದರು. ಅವುಗಳಲ್ಲಿ ದಾನಶಾಸನಗಳು ಬಹಳ. ಕೊಟ್ಟ ಭೂಮಿ ಎಷ್ಟು ಮತ್ತರು, ಎಷ್ಟು ಕಮ್ಮ, ಅದರ ಎಲ್ಲೆ ಯಾವುದು ಎಂಬುದನ್ನು ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಇಂದಿನ ಕ್ರಯಪತ್ರದ ಕೊನೆಯಲ್ಲಿ ಬರೆಯುವ ಚಕ್ಕುಬಂದಿಯೂ ಅದೇ ಕೆಲಸ ಮಾಡುತ್ತದೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಇನ್ನೊಬ್ಬರ ಮನೆ. ವ್ಯತ್ಯಾಸವೆಂದರೆ ಕಲ್ಲನ್ನು ಊರೆಲ್ಲ ಓದುತ್ತಿತ್ತು. ಕ್ರಯಪತ್ರವನ್ನು ಕೊಳ್ಳುವವರೇ ಪೂರ್ತಿ ಓದುವುದಿಲ್ಲ.

ಈ ಎರಡು ತಾಲ್ಲೂಕುಗಳಲ್ಲಿ ಮನೆ ಕೊಳ್ಳುವವರು ಬೆಂಗಳೂರಿನ ಗಿರಾಕಿಗಳಂತಲ್ಲ. ಅಡಿಕೆಗೋ ಮೆಕ್ಕೆಜೋಳಕ್ಕೋ ಒಳ್ಳೆಯ ಧಾರಣೆ ಸಿಕ್ಕ ವರ್ಷ ಪೇಟೆಯಲ್ಲೊಂದು ನಿವೇಶನ ನೋಡುವ ರೈತ, ಮಕ್ಕಳ ಓದಿಗಾಗಿ ಹಳ್ಳಿ ಬಿಡುವ ಕುಟುಂಬ, ನಿವೃತ್ತಿಯ ಹಣ ಕೈಗೆ ಬಂದ ನೌಕರ - ಹೆಚ್ಚಿನವರು ಇಂಥವರೇ. ಮಾರುವವರಲ್ಲಿ ಊರು ಬಿಟ್ಟವರ ಮಕ್ಕಳೂ ಇದ್ದಾರೆ. ಹೆಂಚಿನ ಹಳೆಯ ಮನೆಗೆ ಬೀಗ, ಅಂಗಳದಲ್ಲಿ ಹುಲ್ಲು, ವರ್ಷಕ್ಕೊಮ್ಮೆ ಬಂದು ನೋಡಿ ಹೋಗುವ ವಾರಸುದಾರರು. 2023ರ ಫೆಬ್ರುವರಿ 27ರಂದು ಶಿವಮೊಗ್ಗದ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಅದೇ ದಿನ ಶಿವಮೊಗ್ಗ-ಶಿಕಾರಿಪುರ-ರಾಣೆಬೆನ್ನೂರು ರೈಲು ಮಾರ್ಗಕ್ಕೆ ಶಂಕುಸ್ಥಾಪನೆಯೂ ಆಯಿತು. ‘ರೈಲು ಬಂದರೆ ಬೆಲೆ ಎಲ್ಲಿಗೋ ಹೋಗುತ್ತದೆ’ ಎಂದು ದಲ್ಲಾಳಿ ಹೇಳುವುದು ಸಹಜ. ಆದರೆ ನಾಳೆಯ ರೈಲಿನ ಬೆಲೆಯನ್ನು ಇಂದೇ ತೆತ್ತವನಿಗೆ ರೈಲು ಬಂದ ಮೇಲೆ ಉಳಿಯುವ ಲಾಭ ಕಡಿಮೆ.

ಬೆಲೆಗಿಂತ ಮೊದಲು ಕೇಳಬೇಕಾದ್ದು ದಾಖಲೆ. ಹಳ್ಳಿಯ ಆಸ್ತಿಗೆ ಗ್ರಾಮ ಪಂಚಾಯಿತಿಯ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಬೇಕು, ಪಟ್ಟಣದಲ್ಲಿ ಇ-ಖಾತಾ. ಕೃಷಿ ಭೂಮಿಯನ್ನು ಪರಿವರ್ತನೆ ಮಾಡಿಸದೆ ತುಂಡು ತುಂಡಾಗಿ ಮಾರಿದ ‘ರೆವಿನ್ಯೂ ಸೈಟು’ ಅಗ್ಗವಾಗಿ ಕಾಣುತ್ತದೆ. ಅಂಥದಕ್ಕೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ. ಸಾಲ ಸಿಗದ ಮನೆಯನ್ನು ಮುಂದೆ ಮಾರುವಾಗಲೂ ಕೈಯಲ್ಲಿ ಪೂರ್ತಿ ಹಣವಿರುವವನನ್ನೇ ಹುಡುಕಬೇಕು. ಮಲೆನಾಡಿನ ಅಂಚಿನಲ್ಲಿ ಸರ್ಕಾರಿ ಜಮೀನಿನಲ್ಲಿ ಮನೆ ಕಟ್ಟಿಕೊಂಡು 94-ಸಿ ಕಲಮಿನಡಿ ಸಕ್ರಮಕ್ಕೆ ಅರ್ಜಿ ಹಾಕಿದ ಕುಟುಂಬಗಳ ಕಷ್ಟವೂ ಇದೇ. ಗೋಡೆ ಗಟ್ಟಿ, ಚಾವಣಿ ಗಟ್ಟಿ. ಕಾಗದ ಮಾತ್ರ ಕೈಗೆ ಬಂದಿರುವುದಿಲ್ಲ.

ಋಣಭಾರ ಪತ್ರ ತೆಗೆಸಿದರೆ ಸಾಕೆಂಬ ನಂಬಿಕೆ ಬಹಳ ಮಂದಿಗಿದೆ. ಅದರಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಕರ್ನಾಟಕದಲ್ಲಿ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ತಿದ್ದುಪಡಿ 1994ರಲ್ಲೇ ಬಂತು; 2005ರಲ್ಲಿ ದೇಶಕ್ಕೆಲ್ಲ ಬಂತು. ಅಣ್ಣ ಮಾರಿದ ಮನೆಯಲ್ಲಿ ತಂಗಿಯ ಪಾಲಿದ್ದರೆ ಋಣಭಾರ ಪತ್ರ ಅದನ್ನು ಹೇಳದು. ವಂಶವೃಕ್ಷ ಕೇಳಿಯೇ ತಿಳಿಯಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯ್ದೆಯಂತೆ ಪೂರ್ವಾನುಮತಿಯಿಲ್ಲದ ಮಾರಾಟ ಊರ್ಜಿತವಲ್ಲ. ಜನರಲ್ ಪವರ್ ಆಫ್ ಅಟಾರ್ನಿ ಬರೆಸಿಕೊಂಡ ಮಾತ್ರಕ್ಕೆ ಒಡೆತನ ಬಾರದೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿತು. ಹಾಗಿದ್ದೂ ಆ ಪತ್ರ ಹಿಡಿದು ಬರುವವರು ಇದ್ದಾರೆ.

ಕೊಳ್ಳುವವರು ಲೆಕ್ಕಕ್ಕೆ ಹಿಡಿಯದ ಖರ್ಚೊಂದಿದೆ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಉಪಕರ ಮತ್ತು ಅಧಿಭಾರ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಯಿತು. ಒಟ್ಟು ಶೇ 7.6ರ ಆಸುಪಾಸು. 20 ಲಕ್ಷ ರೂಪಾಯಿಯ ಮನೆಗೆ ಸುಮಾರು ಒಂದೂವರೆ ಲಕ್ಷ! ಸಾಮಾನ್ಯವಾಗಿ ಇದು ಸಾಲದಲ್ಲಿ ಸೇರದು, ಕೈಯಿಂದಲೇ ಹೋಗಬೇಕು. ಇದನ್ನು ತಪ್ಪಿಸಲು ಪತ್ರದಲ್ಲಿ ಕಡಿಮೆ ಬೆಲೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಡುವ ರೂಢಿ ಇಬ್ಬರಿಗೂ ಕುತ್ತು. ಮಾರುವವನು 20 ಸಾವಿರ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗಬಹುದು. ಕೊಳ್ಳುವವನು ಮುಂದೆ ಮಾರುವಾಗ ಕಾಗದದ ಮೇಲೆ ಲಾಭ ಹೆಚ್ಚಾಗಿ ಕಂಡು ತೆರಿಗೆ ಕಟ್ಟುತ್ತಾನೆ.

ಇನ್ನು ಈಗಾಗಲೇ ಸಾಲದ ಮನೆಯಲ್ಲಿ ಇರುವವರ ವಿಚಾರ. ರಿಸರ್ವ್ ಬ್ಯಾಂಕಿನ ರೆಪೊ ದರ 2025ರ ಆರಂಭದಲ್ಲಿ ಶೇ 6.5 ಇದ್ದದ್ದು ಡಿಸೆಂಬರಿನ ಹೊತ್ತಿಗೆ ಶೇ 5.25ಕ್ಕೆ ಇಳಿಯಿತು. 2019ರ ಅಕ್ಟೋಬರಿನಿಂದ ಬ್ಯಾಂಕುಗಳು ಕೊಟ್ಟ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳು ಇಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. ಹಳೆಯ ಪದ್ಧತಿಯ ಸಾಲದವರಿಗೆ ಇಳಿಕೆ ತಾನಾಗಿ ಬಂದು ಮನೆ ಬಾಗಿಲು ತಟ್ಟದು. ಆಗ ಸಾಲವನ್ನು ಬೇರೆ ಬ್ಯಾಂಕಿಗೆ ವರ್ಗಾಯಿಸಬೇಕೆ?

ಪ್ರೌಢಶಾಲೆಯ ವಿದ್ಯಾರ್ಥಿಯೂ ಈ ಲೆಕ್ಕ ಮಾಡಬಹುದು. 15 ಲಕ್ಷ ಸಾಲ, ಶೇ 9 ಬಡ್ಡಿ, 20 ವರ್ಷ. ತಿಂಗಳ ಕಂತು ಸುಮಾರು 13,496 ರೂಪಾಯಿ. ಮೊದಲ ತಿಂಗಳ ಬಡ್ಡಿ 15 ಲಕ್ಷಕ್ಕೆ ಶೇ 0.75, ಅಂದರೆ 11,250. ಅಸಲಿಗೆ ಸಂದದ್ದು 2,246 ಮಾತ್ರ. ಹೀಗೆ ಐದು ವರ್ಷ ಕಟ್ಟಿದರೆ 8 ಲಕ್ಷಕ್ಕೂ ಮಿಕ್ಕಿ ಹಣ ಕೊಟ್ಟಂತಾಯಿತು. ಬಾಕಿ ಎಷ್ಟು? ಸುಮಾರು 13 ಲಕ್ಷ 31 ಸಾವಿರ! ಬ್ಯಾಂಕು ಮೋಸ ಮಾಡಿತೆಂದು ಬೈಯುವವರಿದ್ದಾರೆ. ಮೋಸವಲ್ಲ, ಬಾಕಿ ದೊಡ್ಡದಿದ್ದಾಗ ಬಡ್ಡಿ ದೊಡ್ಡದು, ಅಷ್ಟೇ.

ಈ ಹಂತದಲ್ಲಿ ಬಡ್ಡಿ ಶೇ 8ಕ್ಕೆ ಇಳಿದು, ಉಳಿದ 15 ವರ್ಷವನ್ನು ಹಾಗೆಯೇ ಇಟ್ಟುಕೊಂಡರೆ ಕಂತು ಸುಮಾರು 12,716 ಆಗುತ್ತದೆ. ಒಟ್ಟು ಉಳಿತಾಯ 1 ಲಕ್ಷ 40 ಸಾವಿರ. ಅದೇ ವರ್ಗಾವಣೆಯನ್ನು 15 ವರ್ಷ ಕಳೆದ ಮೇಲೆ ಮಾಡಿದರೆ ಸಿಗುವುದು 19 ಸಾವಿರದೊಳಗೆ. ಸಂಸ್ಕರಣಾ ಶುಲ್ಕ, ವಕೀಲರ ಅಭಿಪ್ರಾಯ, ಹೊಸ ಅಡಮಾನದ ಮುದ್ರಾಂಕ ಇವೆಲ್ಲ ಸೇರಿ ಅದರ ಬಹುಪಾಲನ್ನು ತಿಂದುಬಿಡಬಹುದು.

ಎಡವುವುದು ಇನ್ನೊಂದು ಕಡೆ. ಐದು ವರ್ಷದ ನಂತರ ಶೇ 8ಕ್ಕೆ ವರ್ಗಾಯಿಸಿ, ಅವಧಿಯನ್ನು ಮತ್ತೆ 20 ವರ್ಷ ಮಾಡಿದರೆ ಕಂತು 11,130ಕ್ಕೆ ಇಳಿಯುತ್ತದೆ. ತಿಂಗಳಿಗೆ ಸುಮಾರು 2,366 ರೂಪಾಯಿ ಉಳಿಯಿತೆಂದು ಮನೆಯಲ್ಲಿ ಪಾಯಸವಾಗುತ್ತದೆ. ಕೂಡಿಸಿ ನೋಡಿದರೆ ಹಳೆಯ ಸಾಲದಲ್ಲೇ ಇದ್ದುದಕ್ಕಿಂತ 2 ಲಕ್ಷ 42 ಸಾವಿರ ಹೆಚ್ಚು ಕಟ್ಟುತ್ತಾರೆ, ಅದೂ ಕಡಿಮೆ ಬಡ್ಡಿಯಲ್ಲಿ! ಕಾಲೇಜು ಶುಲ್ಕದ ಒತ್ತಡದಲ್ಲಿ ತಿಂಗಳ ಭಾರ ಇಳಿಸಲೇಬೇಕಾದ ಮನೆಗಳಿವೆ. ಅವರು ತಿಳಿದೇ ಆ ಬೆಲೆ ಕೊಡಲಿ. ಮೊದಲು ತಮ್ಮ ಬ್ಯಾಂಕಿನಲ್ಲೇ ದರ ಇಳಿಸುವಂತೆ ಅರ್ಜಿ ಕೊಡುವುದು ಲೇಸು, ಸಣ್ಣ ಶುಲ್ಕದಲ್ಲಿ ಕೆಲಸ ಮುಗಿದೀತು. ವ್ಯಕ್ತಿಗಳ ಬದಲಾಗುವ ಬಡ್ಡಿಯ ಗೃಹಸಾಲವನ್ನು ಅವಧಿಗೆ ಮುನ್ನ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಅಡಿಕೆ ಹಣ ಬಂದ ತಿಂಗಳು ಅಸಲಿಗೆ ಒಂದಿಷ್ಟು ಕಟ್ಟುವವರು ವರ್ಗಾವಣೆಯ ಗೋಜಿಲ್ಲದೆಯೂ ಬಡ್ಡಿ ಕಡಿಮೆ ಮಾಡಿಕೊಳ್ಳುತ್ತಾರೆ.

ಸಾಲ ತೀರಿದ ಮೇಲೆ ಮೂಲಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು. ತಡವಾದದ್ದು ಬ್ಯಾಂಕಿನ ಕಾರಣದಿಂದಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ ಎಂಬ ರಿಸರ್ವ್ ಬ್ಯಾಂಕಿನ ಆದೇಶ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರಗಳನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕುವ ಮೊದಲು ಹೊಸ ಋಣಭಾರ ಪತ್ರವೊಂದನ್ನು ತೆಗೆಸಿ, ಅಡಮಾನ ಬಿಡುಗಡೆಯಾದ ನಮೂದು ಅದರಲ್ಲಿ ಬಂದಿದೆಯೇ ಎಂದು ನೋಡಿಕೊಳ್ಳಬೇಕು.