ಭೂಮಿಯ ವಯಸ್ಸೂ ಬಲ್ಲವರ ವಿನಯವೂ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಕೆಂಪೇಗೌಡನ ಗೋಪುರವನ್ನು ಹೊತ್ತು ನಿಂತಿರುವ ಬಂಡೆಯನ್ನು ನಮ್ಮಲ್ಲಿ ಅನೇಕರು ಹತ್ತಿದ್ದೇವೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಈ ಮಾತಿನಲ್ಲಿರುವ ‘ಸುಮಾರು’ ಎಂಬ ಪುಟ್ಟ ಪದವನ್ನು ನಾವು ಗಮನಿಸದೆಯೇ ದಾಟಿಬಿಡುತ್ತೇವೆ. ವಿಜ್ಞಾನದ ವಿನಯವೆಲ್ಲ ಆ ಪದದಲ್ಲಿಯೇ ಅಡಗಿದೆ. ಅದನ್ನು ಬಿಟ್ಟು ಮಾತನಾಡುವ ಅಭ್ಯಾಸವು ಇಂದಿನ ಸಮಾಜದಲ್ಲಿ ಬೆಳೆಯುತ್ತಿರುವುದರಿಂದ, ಅದರ ಬೆಲೆಯನ್ನು ಒಂದು ನಿದರ್ಶನದ ಮೂಲಕ ತಿಳಿಯೋಣ.

ಕಾದ ಕಬ್ಬಿಣದ ಗುಂಡು ಎಷ್ಟು ಆರಿದೆ ಎಂಬುದನ್ನು ನೋಡಿ, ಅದನ್ನು ಕುಲುಮೆಯಿಂದ ತೆಗೆದು ಎಷ್ಟು ಹೊತ್ತಾಯಿತೆಂದು ಹೇಳಬಹುದಷ್ಟೆ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ವಿಲಿಯಂ ಥಾಮ್ಸನ್ನರು 1862ರಲ್ಲಿ ಇದೇ ಬಗೆಯಾಗಿ ಭೂಮಿಯ ವಯಸ್ಸನ್ನು ಗಣಿಸಿದರು. ಬಂದ ಉತ್ತರ ಸುಮಾರು 10 ಕೋಟಿ ವರ್ಷ. ಆದರೆ ಭೂಗರ್ಭದ ಸ್ಥಿತಿ ಚೆನ್ನಾಗಿ ತಿಳಿಯದುದರಿಂದ, ಅದು 2 ಕೋಟಿಯಿಂದ 40 ಕೋಟಿಯವರೆಗೆ ಎಷ್ಟಾದರೂ ಇರಬಹುದೆಂದರು. ಅದೇ ವರ್ಷ ಸೂರ್ಯನ ವಯಸ್ಸನ್ನು ಕುರಿತು ಬರೆದಾಗ, ನಮಗೆ ತಿಳಿಯದ ಶಾಖದ ಆಕರವೊಂದು ಇದ್ದರೆ ತಮ್ಮ ಲೆಕ್ಕ ನಿಲ್ಲದೆಂದೂ ಒಪ್ಪಿಕೊಂಡರು.

ವರ್ಷಗಳು ಉರುಳಿದಂತೆ ಆ ವಿನಯ ಕುಗ್ಗಿತು. ಶಿಲೆಯ ಪದರಗಳು ರಚಿತವಾಗಲು ಇಷ್ಟು ಕಾಲ ಸಾಲದೆಂದು ಭೂವಿಜ್ಞಾನಿಗಳು ಹೇಳಿದರು. ಭೂಗರ್ಭದಲ್ಲಿ ಶಾಖವು ಎಣಿಸಿದುದಕ್ಕಿಂತ ಸರಾಗವಾಗಿ ಸಾಗುವುದಾದರೆ ವಯಸ್ಸು ಎಷ್ಟೋ ಪಟ್ಟು ಹೆಚ್ಚುವುದೆಂದು, ಕೆಲ್ವಿನ್ನರಿಗೆ ಹಿಂದೆ ಸಹಾಯಕರಾಗಿದ್ದ ಜಾನ್ ಪೆರಿ 1895ರಲ್ಲಿ ತೋರಿಸಿದರು. ಕೆಲ್ವಿನ್ನರು ಒಮ್ಮೆ ಪಟ್ಟು ಸಡಿಲಿಸಿದರಾದರೂ, 1897ರಲ್ಲಿ ಭೂಮಿಯ ವಯಸ್ಸು 2 ಕೋಟಿಗೂ 4 ಕೋಟಿಗೂ ನಡುವೆ ಎಂದು ಸಾರಿದರು. ಅದರ ಹಿಂದಿನ ವರ್ಷವೇ ಬೆಕೆರೆಲ್ಲರು ವಿಕಿರಣಪಟುತ್ವವನ್ನು ಕಂಡುಹಿಡಿದಿದ್ದರು! ರೇಡಿಯಂ ತಾನಾಗಿಯೇ ಶಾಖವನ್ನು ಸೂಸುವುದೆಂದು 1903ರಲ್ಲಿ ತಿಳಿಯಿತು. ಆದರೆ ಇದಕ್ಕಿಂತಲೂ ದೊಡ್ಡ ದೋಷವು ಪೆರಿಯವರು ತೋರಿಸಿದ್ದೇ ಎಂಬುದು ಇಂದಿನ ಅಭಿಪ್ರಾಯ. ಕೆಲ್ವಿನ್ನರು ಗಣಿತದಲ್ಲಿ ತಪ್ಪಲಿಲ್ಲ. ಊಹೆಯನ್ನೇ ಸತ್ಯವೆಂದು ಬಗೆದುದರಲ್ಲಿ ತಪ್ಪಿದರು.

ಮುಂದೆ ಅಮೆರಿಕದ ಕ್ಲೇರ್ ಪ್ಯಾಟರ್ಸನ್ನರು, ಯುರೇನಿಯಂ ನಶಿಸಿ ಸೀಸವಾಗುವ ಗತಿಯಿಂದ ಈ ವಯಸ್ಸನ್ನು ಅಳೆಯಹೊರಟರು. ಅಳತೆಗಳು ಹೊಂದಲಿಲ್ಲ. ಅವರು ತಮ್ಮ ಪ್ರಯೋಗಶಾಲೆಯನ್ನೇ ಸಂಶಯಿಸಿದರು. ಗಾಳಿ, ನೀರು, ಪಾತ್ರೆಗಳಿಂದ ಹೊರಗಿನ ಸೀಸವು ಬಂದು ಸೇರುತ್ತಿದ್ದುದು ಕಂಡಿತು. ವರ್ಷಗಟ್ಟಲೆ ಶುಚಿಗೊಳಿಸಿ, ಉಲ್ಕಾಶಿಲೆಗಳನ್ನು ಪರೀಕ್ಷಿಸಿ, 1956ರಲ್ಲಿ ಉತ್ತರವನ್ನು ಪ್ರಕಟಿಸಿದರು: 455 ಕೋಟಿ ವರ್ಷ, ಹೆಚ್ಚುಕಡಿಮೆ 7 ಕೋಟಿ. ಅವರು ಒಪ್ಪಿಕೊಂಡ ಸಂದೇಹವೇ ಕೆಲ್ವಿನ್ನರ ಕೊನೆಯ ಉತ್ತರಕ್ಕಿಂತ ದೊಡ್ಡದು! ಆದರೂ ಇಂದಿಗೂ ನಿಂತಿರುವುದು ಈ ಉತ್ತರವೇ. ಪೆಟ್ರೋಲಿಗೆ ಬೆರೆಸಿದ ಸೀಸವು ಜನರ ಉಸಿರನ್ನು ಕೆಡಿಸುತ್ತಿದೆಯೆಂದು 1965ರಲ್ಲಿ ಅವರು ಎಚ್ಚರಿಸಿದುದಕ್ಕೂ ಆ ಸಂಶಯವೇ ಮೂಲ. ಭಾರತದಲ್ಲಿ ಅಂತಹ ಪೆಟ್ರೋಲು 2000ದಲ್ಲಿ ನಿಂತಿತು.

ಇಂದು ಕೈಯಲ್ಲಿರುವ ಮೊಬೈಲು ಕ್ಷಣಾರ್ಧದಲ್ಲಿ ಉತ್ತರ ಕೊಡುತ್ತದೆ. ಉತ್ತರ ದೊರೆತೊಡನೆ ಎಲ್ಲವನ್ನೂ ಬಲ್ಲೆವೆಂದು ನಾವು ಬೀಗುತ್ತೇವೆ. ‘ಬಹುಶಃ’ ಎನ್ನಲು, ‘ತಿಳಿಯದು’ ಎನ್ನಲು ನಾಚುತ್ತೇವೆ. ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ಉತ್ತರದ ಪಕ್ಕಕ್ಕೆ ಹೆಚ್ಚುಕಡಿಮೆಯ ಚಿಹ್ನೆಯನ್ನು ಬರೆಯುವುದುಂಟು. ಅದು ಅಂಕಗಳಿಗಾಗಿ ಬರೆಯುವ ಗೆರೆಯಲ್ಲ. ನಮ್ಮ ಅರಿವು ಎಲ್ಲಿ ಮುಗಿಯುವುದೆಂದು ಪ್ರಾಮಾಣಿಕವಾಗಿ ತೋರಿಸುವ ಗಡಿಗಲ್ಲು. ಅಲ್ಲಿಂದಾಚೆಗೇ ಅಲ್ಲವೆ ಹೊಸದನ್ನು ಕಲಿಯಬೇಕಾದುದು?